ಬಾಚಣಿಗೆ ಹಿಡಿದ ಕೊಲೆಗಾರ

ಭಾವ ಕೊಲ್ಲುತ್ತಿದ್ದ, ಭಾಮೈದ ಪ್ರೀತಿಸುತ್ತಿದ್ದ. ಇಪ್ಪತ್ತೆರಡು ವರ್ಷಗಳಲ್ಲಿ ಇಬ್ಬರೂ ಸೇರಿ ಮೂವತ್ತೇಳು ಕಾದಂಬರಿಗಳನ್ನು ಬರೆದು ಲೋಕದ ತಲೆಗೆ ಕಟ್ಟಿದ್ದರು. ಅಷ್ಟರಲ್ಲಿ ಭಾವ ಕೆಡವಿದ ಹೆಣಗಳನ್ನು ಒಂದರ ಪಕ್ಕ ಒಂದು ಮಲಗಿಸಿದರೆ ಊರಿನ ಮುಖ್ಯರಸ್ತೆ ಸಾಲದೆ ಪಕ್ಕದ ಊರಿನವರ ಕೈಕಾಲು ಹಿಡಿದು ಜಾಗ ಕೇಳಬೇಕಾಗುತ್ತಿತ್ತು. ಭಾಮೈದ ಹರಿಸಿದ ಕಣ್ಣೀರಿನಲ್ಲಿ ಎರಡು ಹಡಗು ಆರಾಮಾಗಿ ತೇಲುತ್ತಿದ್ದವು, ಮೂರನೆಯದು ಬಂದರೂ ಸರಿದು ಜಾಗ ಕೊಡುತ್ತಿದ್ದವು.

ಅವರ ಕೆಲಸದ ಪದ್ಧತಿಯಂಥದ್ದು ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಬೆಸ ಸಂಖ್ಯೆಯ ಅಧ್ಯಾಯ ಭಾವನದು, ಸಮ ಸಂಖ್ಯೆಯದು ಭಾಮೈದನದು. ಒಂದರಲ್ಲಿ ಹೆಣ, ಎರಡರಲ್ಲಿ ಮುತ್ತು, ಮೂರರಲ್ಲಿ ಮತ್ತೆ ಹೆಣ. ಇಪ್ಪತ್ತೊಂಬತ್ತರಲ್ಲಿ ಕೊಲೆಗಾರ ಸಿಕ್ಕಿಬೀಳಬೇಕು, ಮೂವತ್ತರಲ್ಲಿ ಮದುವೆಯಾಗಬೇಕು. ರಟ್ಟಿನ ಮೇಲೆ ಇಬ್ಬರಿಗೂ ಸೇರಿದ ಒಂದೇ ಸುಳ್ಳು ಹೆಸರು. ಆದರೆ ಒಬ್ಬ ಬರೆದದ್ದನ್ನು ಇನ್ನೊಬ್ಬ ಓದುತ್ತಿರಲಿಲ್ಲ. ಒಪ್ಪಂದವೇನೂ ಇರಲಿಲ್ಲ, ಬರೀ ಅಸಹ್ಯ. ಭಾಮೈದನ ಒಂದು ಪುಟ ಓದಿದರೆ ತನ್ನ ಚಾಕು ಮೊಂಡಾಗುತ್ತದೆ ಎಂದು ಭಾವ ನಂಬಿದ್ದ. ಭಾವನ ಒಂದು ಪುಟ ಓದಿದರೆ ಮೂರು ದಿನ ಊಟ ಸೇರುವುದಿಲ್ಲ ಎಂದು ಭಾಮೈದ ಕಂಡಕಂಡವರಿಗೆ ಹೇಳುತ್ತಿದ್ದ.

ಹಾಗಾದರೆ ಕಥೆ ಮುಂದೆ ಹೋಗುತ್ತಿದ್ದುದು ಹೇಗೆ? ಚೀಟಿಯಿಂದ.

ಒಬ್ಬನಿಗೆ ಹೆಂಡತಿಯೂ ಇನ್ನೊಬ್ಬನಿಗೆ ಅಕ್ಕನೂ ಆದ ನರ್ಸಮ್ಮ ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿದ್ದಳು. ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವಾಗ ಬರುವ ನರ್ಸಿಗೆ ಹೋಗುವ ನರ್ಸು ನಾಲ್ಕು ಸಾಲು ಬರೆದುಕೊಡುವುದು ಅಲ್ಲಿನ ರೂಢಿ: ಯಾವ ಹಾಸಿಗೆಯವರು ಹೇಗಿದ್ದಾರೆ, ಯಾರು ಉಂಡರು, ಯಾರು ಅತ್ತರು, ಯಾರು ಇಲ್ಲ. ಅದೇ ಕೈಚಳಕದಿಂದ ಅವಳು ಮನೆಯ ಇಬ್ಬರು ಮಹಾಪುರುಷರನ್ನೂ ನಿಭಾಯಿಸುತ್ತಿದ್ದಳು. ಅಧ್ಯಾಯ ಓದಿ, ಆಸ್ಪತ್ರೆಯ ಹಳೆಯ ಪಥ್ಯದ ಚೀಟಿಯ ಬೆನ್ನ ಮೇಲೆ ನಾಲ್ಕು ಸಾಲು ಗೀಚಿ, ಊಟದ ಮೇಜಿನ ಉಪ್ಪಿನ ಡಬ್ಬಿಯ ಕೆಳಗೆ ಇಡುತ್ತಿದ್ದಳು. "ನಾಯಕಿ ಬದುಕಿದ್ದಾಳೆ. ಚಿಕ್ಕಪ್ಪ ಸತ್ತ, ಬಾವಿಯಲ್ಲಿದ್ದಾನೆ. ಪತ್ತೇದಾರನ ಎಡಗೈಗೆ ಪೆಟ್ಟು, ಅಪ್ಪಿಕೊಳ್ಳುವಾಗ ನೋಡಿಕೊಂಡು." ಮುಂದಿನವನು ಆ ಚೀಟಿ ಎತ್ತಿಕೊಂಡು ಹೋಗಿ ಬರೆಯುತ್ತಿದ್ದ. ಮೂವತ್ತೇಳು ಪುಸ್ತಕಗಳ ಬೆನ್ನೆಲುಬು ಅಷ್ಟೇ ಅಗಲ, ಅಷ್ಟೇ ಉದ್ದ.

ಇಷ್ಟೆಲ್ಲ ಇದ್ದರೂ ಭಾವನ ಎದೆಯಲ್ಲೊಂದು ಮುಳ್ಳು ಮುರಿದುಕೊಂಡಿತ್ತು. ಪುಸ್ತಕಗಳನ್ನು ಬರೆಯುವವನು ಭಾಮೈದನೊಬ್ಬನೇ ಎಂದು ಊರೆಲ್ಲ ತಿಳಿದಿತ್ತು.

ತಿಳಿಯದೆ ಏನು ಮಾಡೀತು? ಭಾಮೈದ ರೆಡಿಮೇಡ್ ಬಟ್ಟೆ ಅಂಗಡಿಯಲ್ಲಿ, ಮೂರು ಕಡೆಯಿಂದಲೂ ಮೈ ತೋರಿಸುವ ಕನ್ನಡಿಯ ಪಕ್ಕ ನಿಂತು, ಉಸಿರು ಬಿಗಿಹಿಡಿದು ಗುಂಡಿ ಹಾಕಿಕೊಂಡವರಿಗೆಲ್ಲ "ನಿಮಗೇ ಅಂತ ಹೊಲಿದ ಹಾಗಿದೆ" ಎನ್ನುತ್ತಿದ್ದ. ಮಾತೋ, ಸಕ್ಕರೆ ಪಾಕ. ಅದಕ್ಕೇ ಅವನಿಗೆ ಸಕ್ಕರೆ ಎಂದೇ ಹೆಸರು ಬಿದ್ದಿತ್ತು. ಬೇಸಿಗೆಯಲ್ಲೂ ಕುತ್ತಿಗೆಗೆ ಶಾಲು, ಕಿವಿಯ ಮೇಲೆ ಬೀಳುವ ಕೂದಲು. ಭಾವನದು ಬೀಗದ ಅಂಗಡಿ. ಬಾಗಿಲಗಲದ ಗೂಡು, ಗೋಡೆಯ ತುಂಬ ಹಲ್ಲು ಕೆತ್ತದ ಕೀಲಿಕೈಗಳು, ಮಡಿಲಲ್ಲಿ ಹಿತ್ತಾಳೆ ಪುಡಿ. ಅರ ಹಿಡಿದು ಉಜ್ಜುತ್ತ ಕೂತವನ ಮುಖವೂ ಒಂದು ಬೀಗದಂತೆಯೇ ಇತ್ತು. ಒಳಗಿನಿಂದ ಬಾಗಿಲು ಹಾಕಿದ ಕೋಣೆಯಲ್ಲಿ ಕೊಲೆ ಮಾಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಏನು ಬಂತು? ಪ್ರೆಸ್ಸಿಗೆ ಹಸ್ತಪ್ರತಿ ಹೊತ್ತುಕೊಂಡು ಹೋಗುವವನು ಎಂದೇ ಜನ ಅವನನ್ನು ಗುರುತಿಸುತ್ತಿದ್ದರು. "ನಿಮ್ಮ ಭಾಮೈದರು ಈ ಸಲ ಏನು ಕೊಲೆ ಮಾಡಿಸಿದ್ದಾರೆ, ಆಹಾ!" ಎಂದು ಕೆಟ್ಟ ಬೀಗದ ಜೊತೆ ಆ ಮಾತನ್ನೂ ಅವನ ಮುಂದೆ ಇಟ್ಟುಹೋಗುತ್ತಿದ್ದರು. ಸಕ್ಕರೆ ಒಂದು ಸಲವಾದರೂ "ಕೊಲೆಗಳು ನಮ್ಮ ಭಾವನವು" ಎನ್ನಬೇಕಲ್ಲ? ಅವನು ಶಾಲು ಸರಿಮಾಡಿಕೊಳ್ಳುತ್ತಿದ್ದ.

ಹೀಗಿರುವಾಗ ಮೂವತ್ತೆಂಟನೆಯ ಕಾದಂಬರಿ ಇಪ್ಪತ್ತೆಂಟು ಅಧ್ಯಾಯ ದಾಟಿದಾಗ ಪ್ರಕಾಶಕ ಇಬ್ಬರನ್ನೂ ಕರೆಸಿದ. ಅಂಟಿನ ವಾಸನೆ ಹೊಡೆಯುವ ಪ್ರೆಸ್ಸಿನ ಮಹಡಿಯ ಮೇಲೆ, ಕಟ್ಟಿದ ಪುಸ್ತಕಗಳ ಗೋಡೆಯ ನಡುವೆ, ಅವನು ಕೂತಿದ್ದ. ಜನ್ಮದಲ್ಲಿ ಒಂದು ಪುಸ್ತಕವನ್ನೂ ಕೊನೆಯವರೆಗೆ ಓದದ, ಆದರೆ ಮೂಸಿ ನೋಡಿ ಎಷ್ಟು ಪ್ರತಿ ಹೋಗುತ್ತದೆಂದು ಹೇಳಬಲ್ಲ ಆಸಾಮಿ.

"ಓದೋರಿಗೆ ಮುಖ ಬೇಕಂತೆ ಸ್ವಾಮಿ" ಎಂದ. "ಈ ಸಲ ಹಿಂದಿನ ರಟ್ಟಿನ ತುಂಬ ಬರೆದೋರ ಫೋಟೊ."

"ಇಬ್ಬರದ್ದೂ ಹಾಕಿ" ಎಂದ ಸಕ್ಕರೆ, ಕೂದಲು ಹಿಂದಕ್ಕೆ ತಳ್ಳಿ.

"ಇಬ್ಬರದ್ದೂ ಅಕ್ಕಪಕ್ಕ ಹಾಕಿದ್ರೆ ಪೊಲೀಸ್ ಠಾಣೆ ಗೋಡೆ ಥರ ಕಾಣುತ್ತೆ. ಒಂದೇ ಮುಖ. ಇನ್ನೊಂದು ವಿಷಯ, ಕೊಲೆಗಾರನನ್ನು ಹಿಡಿಯೋದು ಒಂದು ಕಡೆ, ಮದುವೆ ಇನ್ನೊಂದು ಕಡೆ, ಸಾಕಪ್ಪ. ಕೊನೇ ಅಧ್ಯಾಯದಲ್ಲಿ ಪ್ರೀತಿಯೂ ಕೊಲೆಯೂ ಒಂದೇ ಆಗ್ಬೇಕು. ಇಬ್ಬರೂ ಬೇರೆಬೇರೆ ಬರೀರಿ. ಯಾರದ್ದು ಚೆನ್ನಾಗಿದೆಯೋ ಅವರದ್ದು ಅಚ್ಚಾಗುತ್ತೆ, ಅವರ ಮುಖ ಬೀಳುತ್ತೆ. ಸೋಮವಾರ ತನ್ನಿ."

ಭಾವನ ಎದೆ ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕ್ಲಿಕ್ ಎಂದು ತೆರೆದುಕೊಂಡಿತು. ಒಂದು ಸಾಲೂ ಬರೆಯುವ ಮೊದಲೇ ಅಲ್ಲಿಂದ ನೇರ ಸ್ಟುಡಿಯೋಗೆ ಹೋಗಿ ಫೋಟೊ ತೆಗೆಸಿಕೊಂಡ. ಗದ್ದದ ಕೆಳಗೆ ಪೆನ್ನು, ಹುಬ್ಬು ಗಂಟು, ದೃಷ್ಟಿ ದೂರದಲ್ಲಿ. ದೂರದಲ್ಲಿ ಇದ್ದದ್ದು ಸ್ಟುಡಿಯೋದ ಬಚ್ಚಲ ಬಾಗಿಲು.

ಮನೆಗೆ ಬಂದು ಹೆಂಡತಿಯನ್ನು ಕೇಳಿದ: "ಕೊನೇ ಅಧ್ಯಾಯಕ್ಕೆ ಚೀಟಿ ಯಾವಾಗ ಕೊಡ್ತೀಯಾ?"

"ಕೊಡಲ್ಲ ಕಣ್ರೀ. ಇದು ನಿಮ್ಮಿಬ್ಬರ ಜಟಾಪಟಿ. ಯಾರಿಗೆ ಕೊಟ್ಟರೂ ಇನ್ನೊಬ್ಬರು ಮುಖ ಊದಿಸ್ಕೋತೀರಿ. ಅವನು ಬರೆದದ್ದು ಅಲ್ಲೇ ಕಟ್ಟಿಟ್ಟಿದೆ, ಓದಿಕೊಳ್ಳಿ. ಹದಿನಾಲ್ಕು ಅಧ್ಯಾಯ."

"ಅವನದ್ದನ್ನ? ನಾನು? ಅದಕ್ಕಿಂತ ಕಣ್ಣಿಗೆ ಸುಣ್ಣ ಹಾಕ್ಕೋತೀನಿ."

"ಸುಣ್ಣ ಇಲ್ಲ, ತರಿಸಬೇಕು" ಎಂದು ಅವಳು ಸಮವಸ್ತ್ರಕ್ಕೆ ಇಸ್ತ್ರಿ ಹಾಕತೊಡಗಿದಳು.

ಶುಕ್ರವಾರ ಮಧ್ಯಾಹ್ನ ಭಾವ ಊಟಕ್ಕೆ ಬಂದಾಗ ಹೆಂಡತಿ ಪಾಳಿ ಮುಗಿಸಿ ಬಂದು ಸ್ನಾನಕ್ಕೆ ಹೋಗಿದ್ದಳು. ಎಂದಿನಂತೆ ಜೇಬು ಖಾಲಿ ಮಾಡಿ ಮೇಜಿನ ಮೇಲೆ ಇಟ್ಟಿದ್ದಳು: ಪೆನ್ನು, ಕತ್ತರಿ, ಅರ್ಧ ಬಿಸ್ಕತ್ತು. ಗಾಳಿಗೆ ಹಾರದಿರಲೆಂದು ಉಪ್ಪಿನ ಡಬ್ಬಿಯ ಕೆಳಗೆ ಒಂದು ಚೀಟಿ. ಪಥ್ಯದ ಚೀಟಿಯ ಬೆನ್ನು, ಅದೇ ಕೈಬರಹ, ನಾಲ್ಕು ಸಾಲು:

"ಮೂರನೇ ಹಾಸಿಗೆಯ ಹೆಂಗಸು ಬೆಳಗ್ಗೆ ಹೋದಳು. ಗಂಡನಿಗೆ ಇನ್ನೂ ಹೇಳಿಲ್ಲ, ಮಗಳು ಬಂದ ಮೇಲೆ ಹೇಳುವುದು. ಅವಳ ಕಂದು ಬಾಚಣಿಗೆ ಹಿಡಿದು ಬಾಗಿಲಲ್ಲೇ ಕೂತಿದ್ದಾನೆ. ಕಿಟಕಿ ತೆಗೆದೇ ಇರಲಿ."

ಭಾವನ ಕಣ್ಣಲ್ಲಿ ನೀರು ಬಂತು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಹೆಂಡತಿಯ ಮೇಲೆ ಇಷ್ಟು ಅಭಿಮಾನ ಅವನಿಗೆ ಹುಟ್ಟಿರಲಿಲ್ಲ. ಬಾಯಲ್ಲಿ ಕೊಡಲ್ಲ ಅಂದಳು, ಗುಟ್ಟಾಗಿ ಇಟ್ಟಳು! ನಾಯಕಿ ಆಸ್ಪತ್ರೆಗೆ ಯಾಕೆ ಸೇರಿದಳು, ಅವಳಿಗೆ ಗಂಡ ಎಲ್ಲಿಂದ ಬಂದ ಎಂಬ ಅನುಮಾನ ಒಂದು ಗಳಿಗೆ ಸುಳಿಯಿತು. ಸಕ್ಕರೆಯ ಸಮ ಅಧ್ಯಾಯಗಳಲ್ಲಿ ಏನು ಬೇಕಾದರೂ ನಡೆಯಬಹುದು, ಆ ಕತ್ತೆ ಯಾರನ್ನು ಯಾರಿಗೆ ಕಟ್ಟಿ ಎಲ್ಲಿ ಮಲಗಿಸಿದ್ದಾನೋ ಎಂದುಕೊಂಡ. ಚೀಟಿ ಬಾಯಿಪಾಠ ಮಾಡಿ, ಇದ್ದ ಹಾಗೇ ಡಬ್ಬಿಯ ಕೆಳಗೆ ತಳ್ಳಿದ.

ಆಮೇಲೆ ಅವನು ಬರೆದ ಬರವಣಿಗೆ ಏನೆಂದು ಹೇಳುವುದು! ಎರಡು ದಿನ ಅಂಗಡಿಗೇ ಬೀಗ. ಪೆನ್ನಿನ ಮುಳ್ಳು ಕಾದು ಕಾಗದದಿಂದ ಹೊಗೆ ಏಳುತ್ತಿತ್ತು. ಮೂರನೇ ಹಾಸಿಗೆಯ ಹೆಂಗಸು ಸತ್ತಿದ್ದಾಳೆ. ಕಿಟಕಿ ಯಾಕೆ ತೆರೆದಿದೆ? ವಿಷದ ವಾಸನೆ ಹೋಗಲೆಂದು. ಗಂಡ ಬಾಗಿಲಲ್ಲಿ ಯಾಕೆ ಕೂತಿದ್ದಾನೆ? ಒಳಗೆ ಯಾರೂ ಹೋಗದಿರಲೆಂದು. ಬಾಚಣಿಗೆ? ಅದೇ ಆಯುಧ! ಅದರ ಹಲ್ಲುಗಳಿಗೆ ವಿಷ ಸವರಿ, ನಲವತ್ತು ವರ್ಷದ ಪ್ರೀತಿಯ ನೆಪದಲ್ಲಿ ತಲೆ ಬಾಚಿ ಬಾಚಿ ಕೊಂದಿದ್ದಾನೆ ಪಾಪಿ. ಪ್ರೀತಿಯೂ ಕೊಲೆಯೂ ಒಂದೇ ಆಯಿತಲ್ಲ! ಪತ್ತೇದಾರ ಬಾಚಣಿಗೆ ಕಿತ್ತುಕೊಂಡಾಗ ಆ ಮುದುಕ ಕಿಸಕ್ಕನೆ ನಗುವಲ್ಲಿಗೆ ಅಧ್ಯಾಯ ಮುಗಿಯಿತು. ಆ ನಗುವನ್ನು ಓದಿ ಭಾವನಿಗೇ ಮೈ ಜುಮ್ಮೆಂದಿತು. ತನ್ನ ಬೆನ್ನು ತಟ್ಟಿಕೊಳ್ಳಲು ಕೈ ಹಿಂದೆ ಹಾಕಿ ಭುಜ ಉಳುಕಿಸಿಕೊಂಡ.

ಸೋಮವಾರ ಬೆಳಗ್ಗೆ ಅಧ್ಯಾಯ ಕೊಟ್ಟುಬಂದ. ಮಧ್ಯಾಹ್ನ ಪ್ರಕಾಶಕನಿಂದ ಕರೆ ಬಂತು. ಹೋದರೆ ಸಕ್ಕರೆಯೂ ಕೂತಿದ್ದ. ಮೇಜಿನ ಮೇಲೆ ಎರಡೂ ಅಧ್ಯಾಯಗಳು.

"ನಿಮ್ಮಲ್ಲಿ ಯಾರು ಯಾರದ್ದನ್ನ ಕದ್ದಿರೋದು, ಮೊದಲು ಹೇಳಿ" ಎಂದ ಪ್ರಕಾಶಕ. "ಅಲ್ಲೂ ಮೂರನೇ ಹಾಸಿಗೆ, ಇಲ್ಲೂ ಮೂರನೇ ಹಾಸಿಗೆ. ಅಲ್ಲೂ ಬಾಚಣಿಗೆ, ಇಲ್ಲೂ ಬಾಚಣಿಗೆ. ಇವರದ್ದರಲ್ಲಿ ಗಂಡ ಬಾಚಿ ಕೊಲ್ತಾನೆ. ಇವರದ್ದರಲ್ಲಿ ಸತ್ತವಳ ತಲೆ ನೂರು ಸಲ ಬಾಚ್ತಾನೆ, ನೂರನೇ ಸಲಕ್ಕೆ ಅವಳು ಕಣ್ಣು ಬಿಡ್ತಾಳೆ, ಕಿಟಕಿಯಿಂದ ಪಾರಿವಾಳ ಬರುತ್ತೆ."

"ಬಿಳಿ ಪಾರಿವಾಳ" ಎಂದು ತಿದ್ದಿದ ಸಕ್ಕರೆ.

"ಲೋ, ನನ್ನದನ್ನ ಓದಿದ್ಯಾ?" ಭಾವ ಎದ್ದು ನಿಂತ.

"ನಿಮ್ಮದನ್ನ ಓದೋ ಗತಿ ನನಗಿನ್ನೂ ಬಂದಿಲ್ಲ ಭಾವ. ನೀವೇ ನನ್ನದನ್ನ ಕದ್ದು ಓದಿ, ಅದಕ್ಕೆ ವಿಷ ಹಾಕಿದ್ದೀರಿ."

"ನಿನ್ನ ಪಾರಿವಾಳದ ಹಿಕ್ಕೆ ಓದೋಕೆ ನನಗೇನು ಹುಚ್ಚಾ?"

ಒಬ್ಬ ಶಾಲಿಗೆ ಕೈಹಾಕಿದ, ಇನ್ನೊಬ್ಬ ಕಾಲರಿಗೆ. ಪುಸ್ತಕದ ಗೋಡೆ ಅಲ್ಲಾಡಿ ಇಬ್ಬರ ತಲೆಯ ಮೇಲೂ ಅವರದೇ ಹಳೆಯ ಕೃತಿಗಳು ದೊಪದೊಪನೆ ಬಿದ್ದವು. ಲೋಕದಲ್ಲಿ ಆ ಪುಸ್ತಕಗಳಿಂದ ನಿಜವಾಗಿ ಪೆಟ್ಟು ತಿಂದವರು ಅವರಿಬ್ಬರೇ. ಕೊನೆಗೆ ಪ್ರಕಾಶಕನೇ ನರ್ಸಮ್ಮನಿಗೆ ಫೋನು ಮಾಡಿದ.

ಅವಳು ಪಾಳಿ ಮುಗಿಸಿ, ಸಮವಸ್ತ್ರದಲ್ಲೇ ಮಹಡಿ ಹತ್ತಿ ಬಂದಳು. ನಿಂತುಕೊಂಡೇ ಎರಡೂ ಅಧ್ಯಾಯ ಓದಿದಳು. ಗಂಡನ ಕಡೆ ನೋಡಿದಳು, ತಮ್ಮನ ಕಡೆ ನೋಡಿದಳು. ವಾರ್ಡಿನಲ್ಲಿ ಇಪ್ಪತ್ತೆಂಟು ವರ್ಷ ಏನೇನೋ ತೊಳೆದವಳು. ಆದರೂ ಮೂಗು ಮುರಿದದ್ದನ್ನು ಪ್ರಕಾಶಕ ಅಂದೇ ಕಂಡದ್ದು.

"ಅದು ನಿಮ್ಮ ಕಥೆ ಚೀಟಿ ಅಲ್ಲ. ವಾರ್ಡಿನದ್ದು. ಪಾಳಿ ಬದಲಾಗೋವಾಗ ಕೊಡೋಕೆ ಬರೆದದ್ದು. ಬಾಯಲ್ಲೇ ಹೇಳಿಬಂದೆ, ಚೀಟಿ ಜೇಬಲ್ಲೇ ಉಳಿದು ಮನೆಗೆ ಬಂತು."

ಕೆಳಗೆ ಯಂತ್ರ ಖಟಖಟ ಓಡುತ್ತಿತ್ತು.

"ಕಿಟಕಿ ತೆಗೆದಿರಲಿ ಅಂದದ್ದು ಸೆಕೆ ಅಂತ. ಆತ ಬಾಗಿಲಲ್ಲಿ ಕೂತಿದ್ದದ್ದು ನಾವು ಒಳಗೆ ಬಿಡಲಿಲ್ಲ ಅಂತ. ನಾಲ್ಕು ಗಂಟೆಗೆ ಮಗಳು ಬಂದು ಹೇಳಿದ್ಲಂತೆ. ಆತ, 'ನನಗೆ ಬೆಳಗ್ಗೆಯೇ ಗೊತ್ತಾಯ್ತಮ್ಮ. ಇವರೆಲ್ಲ ಅಷ್ಟು ಕಷ್ಟಪಟ್ಟು ಮುಚ್ಚಿಡ್ತಿದ್ರು, ಪಾಪ ಅಂತ ಸುಮ್ಮನಿದ್ದೆ' ಅಂದನಂತೆ. ಆಮೇಲೆ ಒಳಗೆ ಹೋಗಿ ಅವಳ ತಲೆ ಬಾಚಿದ. ಬೈತಲೆ ಸೊಟ್ಟ ಬಂತು. ಯಾರೂ ಸರಿ ಮಾಡಲಿಲ್ಲ."

ತಿರುಗಿ ನೋಡಿದರೆ ಸಕ್ಕರೆ ಜೇಬಿನಿಂದ ಪೆನ್ನು ತೆಗೆದಿದ್ದ. "ಅಕ್ಕಾ, ಆ 'ಪಾಪ ಅಂತ ಸುಮ್ಮನಿದ್ದೆ' ಅನ್ನೋದು ಇನ್ನೊಂದ್ಸಲ ಹೇಳೇ." ಭಾವನ ಪೆನ್ನು ಆಗಲೇ ಮೂರು ಸಾಲು ಮುಂದಿತ್ತು.

"ಮುಚ್ಚಿಡಿ" ಎಂದಳು ಅವಳು. ಕೂಗಲಿಲ್ಲ. ಎರಡು ಪೆನ್ನಿಗೂ ಟೊಪ್ಪಿಗೆ ಬಿತ್ತು. "ಆ ಹಾಸಿಗೆ, ಬಾಚಣಿಗೆ, ಕಿಟಕಿ, ಆತ, ಒಂದೂ ಅಚ್ಚಾಗಬಾರದು. ಇಬ್ಬರೂ ಬೇರೆ ಬರೀರಿ. ಇನ್ನು ಮೇಲೆ ನನ್ನಿಂದ ಚೀಟಿ ಇಲ್ಲ. ಒಬ್ಬರದ್ದನ್ನ ಒಬ್ಬರು ಓದಿಕೊಂಡು ಸಾಯಿರಿ." ಮೆಟ್ಟಿಲಿಳಿದು ಹೋದಳು.

ಸಕ್ಕರೆ ಶಾಲಿನಲ್ಲಿ ಮುಖ ಒರೆಸಿಕೊಂಡು, ತನ್ನ ಪಾರಿವಾಳವನ್ನು ಎತ್ತಿಕೊಂಡು, ಅಕ್ಕನ ಹಿಂದೆಯೇ ಓಡಿದ. ಕೆಳಗೆ ಬಾಗಿಲು ಮುಚ್ಚಿಕೊಂಡ ಸದ್ದು ಕೇಳುವವರೆಗೆ ಕಾದು, ಪ್ರಕಾಶಕ ಭಾವನ ಕಡೆ ಬಗ್ಗಿದ.

"ನಿಜ ಹೇಳ್ತೀನಿ, ನಾನು ಕೊನೇವರೆಗೆ ಓದಿದ ಮೊದಲನೇದು ಇದು. ನಿಮ್ಮದು. ಆ ಬಾಚಣಿಗೆ, ಅಬ್ಬಾ! ಫೋಟೊ ತಂದಿದ್ದೀರಾ?"

ಭಾವನ ಕೈ ತಾನಾಗಿಯೇ ಒಳಜೇಬಿಗೆ ಹೋಯಿತು. ಫೋಟೊ ಅಲ್ಲೇ ಇತ್ತು. ಗುರುವಾರದಿಂದ ಅದನ್ನು ಎದೆಗೊತ್ತಿಕೊಂಡೇ ಓಡಾಡುತ್ತಿದ್ದ.

"ಬಾಚಣಿಗೆ ತೆಗೀಬೇಕಂತಲ್ಲ" ಎಂದ.

"ತೆಗೆದ್ರೆ ಉಳಿಯೋದೇನು? ಒಂದು ಆಸ್ಪತ್ರೆ. ಹಾಗಾದ್ರೆ ನಿಮ್ಮ ಭಾಮೈದನನ್ನೇ ಕರೀತೀನಿ. ಪಾರಿವಾಳ ಹೇಗೋ ನಡೆಯುತ್ತೆ."

ಭಾವ ಅಧ್ಯಾಯ ಮನೆಗೆ ತಂದು ಇಡೀ ದಿನ ತಿದ್ದಿದ. ಕೊಲೆ ವಿದ್ಯೆಯಲ್ಲಿ ಅವನಿಗೊಂದು ನಂಬಿಕೆಯಿತ್ತು, ಒಂದು ಗುರುತು ಬದಲಾಯಿಸಿದರೆ ಸಾಕ್ಷಿಯೇ ಬಿದ್ದುಹೋಗುತ್ತದೆಂದು. 'ಕಂದು ಬಾಚಣಿಗೆ' ಎಂದಿದ್ದ ಹನ್ನೊಂದು ಕಡೆಯಲ್ಲೂ 'ಕಂದು' ಹೊಡೆದುಹಾಕಿ 'ಕಪ್ಪು' ಎಂದು ಬರೆದ. ಬೇರೇನನ್ನೂ ಮುಟ್ಟಲಿಲ್ಲ.

"ಬದಲಾಯಿಸಿದ್ರಾ?" ಎಂದು ಹೆಂಡತಿ ಕೇಳಿದಳು.

"ಬದಲಾಯಿಸಿದೆ" ಎಂದ. ಸುಳ್ಳಲ್ಲವಲ್ಲ ಎಂದು ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಅವಳು ಮತ್ತೆ ಕೇಳಲಿಲ್ಲ. ಓದಿ ನೋಡುವುದನ್ನು ಅವಳು ಆಗಲೇ ಬಿಟ್ಟಿದ್ದಳು.

ಪುಸ್ತಕ ಬಂತು. ಹೋಯಿತು ಎನ್ನುವುದಕ್ಕಿಂತ ಹಾರಿತು ಎನ್ನಬೇಕು. ಬಸ್ಸಿನಲ್ಲಿ ಇಳಿಯುವ ನಿಲ್ದಾಣ ಮರೆತು ಓದಿದರಂತೆ, ಕ್ಷೌರಿಕ ಗಿರಾಕಿಯ ಅರ್ಧ ಗಡ್ಡ ಬಿಟ್ಟು ಓದಿದನಂತೆ, ಊರಿನ ಹೆಂಗಸರು ಗಂಡಂದಿರ ಕೈಗೆ ಬಾಚಣಿಗೆ ಕೊಡುವುದನ್ನೇ ನಿಲ್ಲಿಸಿದರಂತೆ. ಹಿಂದಿನ ರಟ್ಟಿನ ತುಂಬ ಭಾವ: ಗದ್ದದ ಕೆಳಗೆ ಪೆನ್ನು, ಹುಬ್ಬು ಗಂಟು, ದೃಷ್ಟಿ ಬಚ್ಚಲ ಬಾಗಿಲಿನಾಚೆಯ ಅನಂತದಲ್ಲಿ. ಬೀಗದ ಅಂಗಡಿಯಲ್ಲಿ ಹತ್ತು ಪ್ರತಿಗಳನ್ನು ಬೆನ್ನು ಮುಂದೆ ಮಾಡಿ ಜೋಡಿಸಿಟ್ಟ. ಸರಿಯಾಗಿರುವ ಬೀಗಗಳನ್ನೂ ರಿಪೇರಿಗೆಂದು ತಂದು ಜನ ಅವನ ಮುಖ ನೋಡಿ ಹೋದರು. ಸಕ್ಕರೆ ಕನ್ನಡಿಯ ಪಕ್ಕ ಶಾಲಿಲ್ಲದೆ ನಿಂತಿದ್ದಾನೆಂದು ಕೇಳಿ ಭಾವ ಅಂದು ಎರಡು ಲೋಟ ಟೀ ಹೆಚ್ಚಿಗೆ ಕುಡಿದ.

ಮೂರನೆಯ ವಾರ, ಒಂದು ಬೆಳಗ್ಗೆ, ಅರ ಹಿಡಿದು ಕೂತಿದ್ದಾಗ ಒಬ್ಬಳು ಬಂದು ನಿಂತಳು. ಮೂವತ್ತೈದರ ಆಸುಪಾಸು, ಕೈಯಲ್ಲಿ ಬೀಗವಿಲ್ಲ, ಪುಸ್ತಕವಿದೆ. ಭಾವ ಅಭ್ಯಾಸಬಲದಿಂದ ಗದ್ದದ ಕೆಳಗೆ ಅರವನ್ನೇ ಹಿಡಿದುಕೊಂಡ.

"ಇದನ್ನ ಬರೆದೋರು ಇಲ್ಲಿರ್ತಾರೆ ಅಂದ್ರು" ಎಂದಳು. "ಅಮ್ಮ ಅವರ ಪುಸ್ತಕ ಒಂದೂ ಬಿಟ್ಟವರಲ್ಲ. ಮೂವತ್ತೇಳೂ ಓದಿದ್ರು. ಆಸ್ಪತ್ರೆಯಲ್ಲೂ ಓದ್ತಿದ್ರು, ಅಲ್ಲಿ ಒಬ್ಬರು ನರ್ಸು ತಂದುಕೊಡ್ತಿದ್ರಂತೆ. ಹೊಸದು ಬಂದಿದೆ ಅಂತ ಅಪ್ಪನಿಗೆ ನಾನು ದಿನಾ ಸ್ವಲ್ಪ ಸ್ವಲ್ಪ ಓದಿ ಹೇಳ್ತಿದ್ದೆ. ಅವರಿಗೆ ಕಣ್ಣು ಸರಿ ಕಾಣಲ್ಲ."

ಭಾವ ಗದ್ದದ ಕೆಳಗಿನ ಅರವನ್ನು ಮಡಿಲಿಗೆ ಇಳಿಸಿದ.

"ಕೊನೇದೂ ಓದಿದ್ರಾ?"

"ಗೊತ್ತಿಲ್ಲದೆ ಶುರು ಮಾಡಿಬಿಟ್ಟೆ. ಮೂರನೇ ಹಾಸಿಗೆ ಅಂತ ಬಂದಾಗ ನಿಲ್ಲಿಸಿದೆ. ಓದು ಅಂದ್ರು. ಮುದುಕ ನಗೋವರೆಗೂ ಓದಿಸಿದ್ರು." ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ಭಾವ ತಡೆದುಕೊಳ್ಳುತ್ತಿದ್ದ. "ಬರೆದೋರ ಮುಖ ಒಂದ್ಸಲ ನೋಡ್ಬೇಕಿತ್ತು, ಅಷ್ಟೇ. ನೀವೇನಾ?"

ಇಪ್ಪತ್ತೆರಡು ವರ್ಷ ಹಗಲುಗನಸಿನಲ್ಲಿ ಸಾವಿರ ಸಲ ಕೇಳಿಸಿಕೊಂಡ ಪ್ರಶ್ನೆ. ಉತ್ತರವೂ ಸಾವಿರ ಸಲ ಅಭ್ಯಾಸವಾಗಿತ್ತು.

"ಅಲ್ಲಮ್ಮ" ಎಂದ ಭಾವ. "ನಾನು ಬೀಗ ರಿಪೇರಿ ಮಾಡೋನು. ಬರೆಯೋದೆಲ್ಲ ನಮ್ಮ ಭಾಮೈದ. ಬಟ್ಟೆ ಅಂಗಡಿಯಲ್ಲಿರ್ತಾನೆ, ಕನ್ನಡಿ ಪಕ್ಕ."

ಅವಳು ಪುಸ್ತಕವನ್ನು ಮಗುಚಿದಳು. ಹಿಂದಿನ ರಟ್ಟನ್ನು ನೋಡಿದಳು. ಕಪಾಟಿನಲ್ಲಿ ಸಾಲಾಗಿ ಹತ್ತು ಪ್ರತಿಯಲ್ಲೂ ಗದ್ದಕ್ಕೆ ಪೆನ್ನು ಕೊಟ್ಟು ಕೂತಿದ್ದವನನ್ನು ನೋಡಿದಳು. ಆಮೇಲೆ, ಕೊನೆಗೆ, ಅವನನ್ನು ನೋಡಿದಳು. ಎಷ್ಟು ಹೊತ್ತೆಂದರೆ, ಆ ಹೊತ್ತಿನಲ್ಲಿ ಅವನು ಒಂದು ಇಡೀ ಕಾದಂಬರಿ ಬರೆಯಬಹುದಿತ್ತು.

"ಸರಿ. ಅವರು ಸಿಕ್ಕಿದ್ರೆ ಹೇಳಿ, ಒಂದು ತಪ್ಪಾಗಿದೆ" ಎಂದು ಪುಸ್ತಕವನ್ನು ಕೀಲಿಕೈಗಳ ನಡುವೆ ಇಟ್ಟಳು. "ಅಮ್ಮನ ಬಾಚಣಿಗೆ ಕಪ್ಪಲ್ಲ, ಕಂದು."